ಕಲಿಸಲು ಕಲಿಯುವುದು ಯಾರ ಖರ್ಚಿನಲ್ಲಿ?

ಅರಬಿ ಭಾಷೆಯಲ್ಲಿ ಒಂದು ಹಳೆಯ ಗಾದೆಯಿದೆ: ‘ಅವನು ಅನಾಥರ ತಲೆಯ ಮೇಲೆ ಕ್ಷೌರ ಕಲಿಯುತ್ತಿದ್ದಾನೆ.’ ಹೊಸದಾಗಿ ಕತ್ತಿ ಹಿಡಿದವನಿಗೆ ಯಾರೂ ಧೈರ್ಯವಾಗಿ ತಲೆ ಕೊಡುವುದಿಲ್ಲ. ತಂದೆಯಿರುವ ಮಗುವಿನ ತಲೆಗೆ ಗಾಯವಾದರೆ ತಂದೆ ಜಗಳಕ್ಕೆ ಬರುತ್ತಾನೆ. ಅನಾಥನ ಪರವಾಗಿ ಬರುವವರು ಯಾರು? ಹಾಗಾಗಿ ಕಲಿಯುವವನ ಕತ್ತಿ ಮೊದಲು ಹರಿದಾಡುವುದು ಅವನ ತಲೆಯ ಮೇಲೆ. ಅರೆ ಹಕೀಮನಿಂದ ಪ್ರಾಣಕ್ಕೆ ಅಪಾಯ, ಅರೆ ಮುಲ್ಲಾನಿಂದ ಈಮಾನಿಗೆ ಅಪಾಯ ಎಂಬ ಮಾತು ಉರ್ದುವಿನಲ್ಲಿದೆ. ಅದು ಅರೆಬರೆ ಕಲಿತವನ ಬಗ್ಗೆ ನಮ್ಮನ್ನು ಎಚ್ಚರಿಸುತ್ತದೆ. ಅರಬಿ ಗಾದೆ ಇನ್ನೂ ಕಠಿಣವಾದ ಪ್ರಶ್ನೆ ಕೇಳುತ್ತದೆ. ಒಬ್ಬನ ಕಲಿಕೆಗೆ ತಗಲುವ ಖರ್ಚನ್ನು ತೆರುವವರು ಯಾರು?

ಈ ಪ್ರಶ್ನೆಯನ್ನು ನಮ್ಮ ಡಿಗ್ರಿ ಕಾಲೇಜುಗಳ ಮುಂದೆ ಇಡಬೇಕಾದ ಕಾಲ ಬಂದಿದೆ.

ನಮ್ಮ ರಾಜ್ಯದಲ್ಲಿ ಒಂದನೇ ತರಗತಿಯ ಮಗುವಿಗೆ ಅಕ್ಷರ ತಿದ್ದಿಸಬೇಕಾದರೆ ಶಿಕ್ಷಕನಿಗೆ ತರಬೇತಿ ಬೇಕು. ಹಿಂದೆ ಅದಕ್ಕೆ ಟಿ.ಸಿ.ಎಚ್. ಎನ್ನುತ್ತಿದ್ದರು, ಆಮೇಲೆ ಡಿ.ಇಡಿ. ಎಂದಾಯಿತು, ಈಗ ಡಿ.ಎಲ್.ಇಡಿ. ಹೈಸ್ಕೂಲಿಗೆ ಹೋಗಬೇಕಾದರೆ ಬಿ.ಇಡಿ. ಬೇಕು. ಒಂದು ವರ್ಷದ ಆ ಕೋರ್ಸು 2015ರಲ್ಲಿ ಎರಡು ವರ್ಷಕ್ಕೆ ಏರಿತು. ಅಲ್ಲಿ ಪಾಠ ಯೋಜನೆ ಬರೆಯಬೇಕು, ಸಹಪಾಠಿಗಳ ಮುಂದೆ ಕೆಲವೇ ನಿಮಿಷಗಳ ಸೂಕ್ಷ್ಮ ಬೋಧನೆ ಮಾಡಿ ತೋರಿಸಬೇಕು, ನಂತರ ಶಾಲೆಗೆ ಹೋಗಿ ಅಭ್ಯಾಸ ಪಾಠ ಮಾಡಬೇಕು. ಹಿಂದಿನ ಬೆಂಚಿನಲ್ಲಿ ಕುಳಿತ ಹಿರಿಯರು ತಪ್ಪುಗಳನ್ನು ಬರೆದುಕೊಳ್ಳುತ್ತಾರೆ.

ಡಿಗ್ರಿ ಕಾಲೇಜಿಗೆ ಇದಾವುದೂ ಬೇಡ. ಎಂ.ಎ. ಅಥವಾ ಎಂ.ಎಸ್ಸಿ.ಯಲ್ಲಿ ಶೇಕಡಾ 55 ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಪಾಸಾಗಿರಬೇಕು, ಇಲ್ಲವೇ ಪಿಎಚ್.ಡಿ. ಇರಬೇಕು. ಅತಿಥಿ ಉಪನ್ಯಾಸಕರಲ್ಲಿ ಈ ಅರ್ಹತೆಯೂ ಇಲ್ಲದೆ ಬರೀ ಸ್ನಾತಕೋತ್ತರ ಪದವಿಯ ಮೇಲೆ ಬಂದವರೂ ಇದ್ದಾರೆ. 1989ರಿಂದ ನಡೆಯುತ್ತಿರುವ ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಬೋಧನಾ ಸಾಮರ್ಥ್ಯದ ಬಗ್ಗೆ ಪ್ರಶ್ನೆಗಳಿರುತ್ತವೆ, ನಿಜ. ಆದರೆ ಅಲ್ಲಿಯೂ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತು ಮಾಡಿದರೆ ಮುಗಿಯಿತು. ಅರವತ್ತು ಮಕ್ಕಳ ಎದುರು ನಿಂತು ಬಾಯಿ ತೆರೆಯಲು ಈ ಅಭ್ಯರ್ಥಿಗೆ ಬರುತ್ತದೆಯೇ ಎಂದು ಕೇಳಿದವರಿಲ್ಲ. ವಿಷಯ ಗೊತ್ತಿದ್ದವನಿಗೆ ಕಲಿಸಲು ತಾನಾಗಿಯೇ ಬರುತ್ತದೆ ಎಂಬ ನಂಬಿಕೆಯ ಮೇಲೆ ನಮ್ಮ ಉನ್ನತ ಶಿಕ್ಷಣ ನಿಂತಿದೆ.

ಹಿರಿಯೂರು ತಾಲೂಕಿನ ಯಲ್ಲದಕೆರೆ ಕಡೆಯ ಒಬ್ಬ ಯುವಕ ನನಗೆ ಪರಿಚಿತ. ಅರ್ಥಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದು ಎಂ.ಎ. ಮುಗಿಸಿದ. ಮೂರು ತಿಂಗಳೊಳಗೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದ. ಮೊದಲ ದಿನದ ಪಾಠ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’. ರಾತ್ರಿಯೆಲ್ಲ ಕುಳಿತು ತಯಾರಿಸಿದ ಹತ್ತು ಪುಟದ ನೋಟ್ಸು ಇಪ್ಪತ್ತು ನಿಮಿಷಕ್ಕೆ ಮುಗಿದುಹೋಯಿತು. ಉಳಿದ ನಲವತ್ತು ನಿಮಿಷ ಏನು ಮಾಡುವುದು? ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ‘ಸ್ಥಿತಿಸ್ಥಾಪಕತ್ವ ಅಂದ್ರೆ ಏನ್ ಸರ್?’ ಎಂದು ಕೇಳಿದಳಂತೆ. ಅವನು ಅದೇ ವ್ಯಾಖ್ಯೆಯನ್ನು ಇನ್ನಷ್ಟು ಗಟ್ಟಿಯಾಗಿ ಓದಿದ. ಅವಳು ಕುಳಿತಳು, ಮತ್ತೆ ಏಳಲಿಲ್ಲ. ಮರುದಿನದಿಂದ ಅವನು ನೋಟ್ಸ್ ಬರೆಸತೊಡಗಿದ. ಬರೆಸುವಾಗ ಗಂಟೆ ಬೇಗ ಸರಿಯುತ್ತದೆ, ಯಾರೂ ಪ್ರಶ್ನೆ ಕೇಳುವುದಿಲ್ಲ.

ಮೂರನೆಯ ವರ್ಷದಲ್ಲಿ ಅವನಿಗೆ ದಾರಿ ಹೊಳೆಯಿತು. ‘ಉಪ್ಪಿನ ಬೆಲೆ ಎರಡು ಪಟ್ಟಾದರೆ ನಿಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಹಾಕುತ್ತಾರಾ? ಸೇಬಿನ ಬೆಲೆ ಎರಡು ಪಟ್ಟಾದರೆ?’ ಎಂದು ಕೇಳಿದ. ಇಡೀ ತರಗತಿ ಒಟ್ಟಿಗೆ ಮಾತಾಡಿತು. ಬೆಲೆ ಬದಲಾದಾಗ ಕೊಳ್ಳುವಿಕೆ ಎಷ್ಟು ಬದಲಾಗುತ್ತದೆ ಎಂಬುದೇ ಆ ದೊಡ್ಡ ಪದದ ಅರ್ಥ. ಉಪ್ಪಿನಲ್ಲಿ ಅದು ಕಡಿಮೆ, ಸೇಬಿನಲ್ಲಿ ಹೆಚ್ಚು. ವ್ಯಾಖ್ಯೆಯನ್ನು ಬರೆಸುವ ಮೊದಲೇ ಮಕ್ಕಳು ಅದನ್ನು ತಾವೇ ಹೇಳಿದ್ದರು. ಇದನ್ನು ಸಂತೋಷದಿಂದಲೇ ಹೇಳುತ್ತಿದ್ದ ಅವನು ನಡುವೆ ಸುಮ್ಮನಾಗಿ, ಮೊದಲೆರಡು ವರ್ಷ ತನ್ನ ಮುಂದೆ ಕುಳಿತಿದ್ದ ಮಕ್ಕಳಿಗೆ ಈಗ ಯಾರು ಹೇಳಬೇಕು ಎಂದು ಕೇಳಿದ.

ಆ ಮಕ್ಕಳು ಯಾರು? ಬೆಳಿಗ್ಗೆ ಹಳ್ಳಿಯಿಂದ ಬಸ್ಸು ಹಿಡಿದು ಬರುವವರು. ತಮ್ಮ ಮನೆತನದಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲಿಗರು. ಅಪ್ಪ ತೆಂಗಿನ ತೋಟದಲ್ಲೋ ಗ್ಯಾರೇಜಿನಲ್ಲೋ ದುಡಿಯುತ್ತಾನೆ. ಮನೆಯಲ್ಲಿ ಉರ್ದು ಅಥವಾ ಹಳ್ಳಿಯ ಕನ್ನಡ, ಪುಸ್ತಕದಲ್ಲಿ ಸಂಸ್ಕೃತ ತುಂಬಿದ ಕನ್ನಡ ಅಥವಾ ಇಂಗ್ಲಿಷು. ನಗರದ ಅನುಕೂಲಸ್ಥ ಹುಡುಗನಿಗೆ ಪಾಠ ಅರ್ಥವಾಗದಿದ್ದರೆ ಟ್ಯೂಷನ್ ಇದೆ, ಓದಿದ ಅಕ್ಕ ಅಣ್ಣಂದಿರಿದ್ದಾರೆ. ಈ ಹುಡುಗಿಗೆ ಇರುವುದು ಆ ಒಂದು ಗಂಟೆ ಮಾತ್ರ. ಎರಡು ವಿಷಯದಲ್ಲಿ ಫೇಲಾದರೆ ‘ಓದಿದ್ದು ಸಾಕು’ ಎನ್ನಲು ಮನೆಯಲ್ಲಿ ಯಾರಾದರೂ ಕಾದಿರುತ್ತಾರೆ. ನಮ್ಮ ಸಮುದಾಯದ ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಗಾದೆಯಲ್ಲಿ ಬರುವ ಅನಾಥನ ತಲೆ ಇದೇ.

ಇದಕ್ಕೆ ಒಂದು ಉತ್ತರ ಸಿದ್ಧವಾಗಿರುತ್ತದೆ. ಯಾವ ಕಸುಬನ್ನಾದರೂ ಯಾರದೋ ಮೇಲೆ ಕಲಿಯಲೇಬೇಕಲ್ಲ, ನೀರಿಗಿಳಿಯದೆ ಈಜು ಬರುತ್ತದೆಯೇ? ಮಾತು ಸರಿ. ಆದರೆ ನಮ್ಮ ಕಸುಬುದಾರರು ಅದನ್ನು ಹೇಗೆ ನಿಭಾಯಿಸಿದ್ದಾರೆ ನೋಡಿ. ಟೈಲರ್ ಅಂಗಡಿಗೆ ಸೇರಿದ ಹುಡುಗ ಮೊದಲು ಕಾಜಾ ಹಾಕುತ್ತಾನೆ, ಗುಂಡಿ ಹೊಲಿಯುತ್ತಾನೆ. ಎಷ್ಟೋ ತಿಂಗಳಾದ ಮೇಲೆ ಕತ್ತರಿ ಕೈಗೆ ಬರುತ್ತದೆ. ಆಗಲೂ ಮದುವೆ ಶೇರ್ವಾನಿಯ ಬಟ್ಟೆ ಅವನ ಮುಂದೆ ಬೀಳುವುದಿಲ್ಲ. ಉಸ್ತಾದ್ ಪಕ್ಕದ ಮಿಷನ್ನಿನಲ್ಲೇ ಕುಳಿತಿರುತ್ತಾನೆ, ಒಂದು ಕಣ್ಣು ಶಾಗಿರ್ದನ ಕೈಮೇಲಿರುತ್ತದೆ. ಹುಡುಗ ಬಟ್ಟೆ ಕೆಡಿಸಿದರೆ ಗಿರಾಕಿಗೆ ಉತ್ತರ ಹೇಳುವವನು ಉಸ್ತಾದ್, ಬಟ್ಟೆಯ ದುಡ್ಡು ಕಟ್ಟಿಕೊಡುವವನೂ ಅವನೇ. ಕಲಿಕೆಯ ಖರ್ಚು ಇದ್ದೇ ಇದೆ, ಆದರೆ ಅದನ್ನು ಕಲಿಸುವವನು ಹೊರುತ್ತಾನೆ, ಗಿರಾಕಿಯ ತಲೆಗೆ ಕಟ್ಟುವುದಿಲ್ಲ. ಬೀದಿಬದಿಯ ಒಂದು ಅಂಗಡಿ ಪಾಲಿಸುವ ಈ ನ್ಯಾಯವನ್ನು ವಿಶ್ವವಿದ್ಯಾಲಯಗಳು ಪಾಲಿಸುತ್ತಿಲ್ಲ. ಇಲ್ಲಿ ಉಸ್ತಾದ್ ಪದವಿ ಕೊಟ್ಟು ಕೈತೊಳೆದುಕೊಂಡಿರುತ್ತಾನೆ, ಶಾಗಿರ್ದ್ ಒಬ್ಬನೇ ಕತ್ತರಿ ಹಿಡಿದಿರುತ್ತಾನೆ, ಕೆಟ್ಟ ಬಟ್ಟೆಯನ್ನು ಗಿರಾಕಿ ಮನೆಗೆ ಒಯ್ಯುತ್ತಾನೆ.

ಇನ್ನೊಂದು ಆಕ್ಷೇಪವಿದೆ. ದೊಡ್ಡ ದೊಡ್ಡ ಮೇಷ್ಟರುಗಳು ಯಾವ ತರಬೇತಿ ಪಡೆದಿದ್ದರು? ಗುರು ಹುಟ್ಟುತ್ತಾನೆ, ಅವನನ್ನು ತಯಾರಿಸಲಾಗದು ಎನ್ನುತ್ತಾರೆ. ನಮ್ಮ ಜಿಲ್ಲೆಯದೇ ಉದಾಹರಣೆ ತೆಗೆದುಕೊಳ್ಳೋಣ. ಚಳ್ಳಕೆರೆ ತಾಲೂಕಿನ ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಕುವೆಂಪು ಅವರ ಶಿಷ್ಯರು. ‘ಶ್ರೀ ರಾಮಾಯಣ ದರ್ಶನಂ’ ಕಾವ್ಯ ಅರ್ಪಿತವಾಗಿರುವುದು ಈ ಗುರುವಿಗೇ. ವೆಂಕಣ್ಣಯ್ಯನವರ ಬಳಿ ಬಿ.ಇಡಿ. ಇತ್ತೇ ಎಂದು ಯಾರೂ ಕೇಳುವುದಿಲ್ಲ. ಆದರೆ ಆ ಕಥೆಯ ಉಳಿದ ಭಾಗವನ್ನೂ ನೋಡಬೇಕು. 1929ರಲ್ಲಿ ಎಂ.ಎ. ಮುಗಿಸಿ ಮಹಾರಾಜಾ ಕಾಲೇಜಿನಲ್ಲಿ ಕುವೆಂಪು ಅಧ್ಯಾಪಕರಾದಾಗ ಅವರ ಗುರು ಅಲ್ಲಿಯೇ ಇದ್ದರು. 1939ರಲ್ಲಿ ತೀರಿಕೊಳ್ಳುವವರೆಗೂ ಇದ್ದರು. ಹೊಸ ಅಧ್ಯಾಪಕನಿಗೆ ಅನುಮಾನ ಬಂದರೆ ಕೇಳಲು ಒಂದು ಬಾಗಿಲಿತ್ತು. ಪ್ರತಿಭೆ ಹುಟ್ಟಿನಿಂದ ಬರಬಹುದು, ಅದಕ್ಕೆ ಆಸರೆಯನ್ನು ಮಾತ್ರ ಮನುಷ್ಯರೇ ಕೊಡಬೇಕು. ನಮ್ಮ ಅತಿಥಿ ಉಪನ್ಯಾಸಕ ಯಾವ ಬಾಗಿಲು ತಟ್ಟಬೇಕು?

ಇಸ್ಲಾಮೀ ಪರಂಪರೆಯಲ್ಲಿಯೂ ಕಲಿಸುವ ರೀತಿಯನ್ನು ಗುರುವಿನ ಬಳಿ ನಿಂತೇ ಕಲಿತರು. ಅಬ್ದುಲ್ಲಾ ಇಬ್ನ್ ಮಸ್‌ಊದ್(ರ) ಅವರು ಪ್ರತಿ ಗುರುವಾರ ಜನರಿಗೆ ಉಪದೇಶ ಮಾಡುತ್ತಿದ್ದರು. ದಿನವೂ ಮಾಡಬಾರದೇ ಎಂದು ಒಬ್ಬರು ಕೇಳಿಕೊಂಡರು. ನಿಮಗೆ ಬೇಸರ ತರಿಸಲು ನನಗಿಷ್ಟವಿಲ್ಲ, ನಾವು ಬೇಸರಗೊಳ್ಳದಂತೆ ಪ್ರವಾದಿ(ಸ)ಯವರೂ ಹೀಗೆಯೇ ಬಿಡುವು ಕೊಡುತ್ತಿದ್ದರು ಎಂಬ ಅರ್ಥದ ಉತ್ತರ ಕೊಟ್ಟರು. ಬುಖಾರಿಯಲ್ಲಿ ಬರುವ ಈ ಪ್ರಸಂಗವನ್ನು ನಾವು ಉಪದೇಶದ ಬಗ್ಗೆ ಎಂದಷ್ಟೇ ಓದಿ ಮುಂದೆ ಹೋಗುತ್ತೇವೆ. ನಿಜವಾಗಿ ಅಲ್ಲಿ ಒಬ್ಬ ಶಿಷ್ಯ, ಗುರು ಏನು ಹೇಳಿದರು ಎಂಬುದರ ಜೊತೆಗೆ, ಯಾವಾಗ ನಿಲ್ಲಿಸಿದರು ಎಂಬುದನ್ನೂ ಗಮನಿಸಿ ನೆನಪಿಟ್ಟುಕೊಂಡಿದ್ದಾನೆ.

ಮುಂದೆ ಬಾಗ್ದಾದ್, ಡಮಾಸ್ಕಸ್, ಕೈರೋಗಳ ಮದ್ರಸಾಗಳಲ್ಲಿ ಇದಕ್ಕೊಂದು ಹುದ್ದೆಯೇ ಹುಟ್ಟಿತು. ಮುದರ್ರಿಸ್ ಪಾಠ ಹೇಳಿ ಎದ್ದ ಮೇಲೆ ಹಿರಿಯ ವಿದ್ಯಾರ್ಥಿಯೊಬ್ಬ ಉಳಿದವರನ್ನು ಕೂರಿಸಿಕೊಂಡು ಅದನ್ನೇ ಮತ್ತೊಮ್ಮೆ ಬಿಡಿಸಿ ಹೇಳುತ್ತಿದ್ದ. ಅವನಿಗೆ ‘ಮುಈದ್’, ಎಂದರೆ ಪುನರಾವರ್ತಿಸುವವನು ಎಂಬ ಹೆಸರು. ವಕ್ಫ್ ಆದಾಯದಲ್ಲಿ ಅವನಿಗೂ ಸಂಬಳ ಇರುತ್ತಿತ್ತು. ಈ ಏರ್ಪಾಟಿನ ಜಾಣತನ ನೋಡಿ. ದುರ್ಬಲ ವಿದ್ಯಾರ್ಥಿಗೆ ಪಾಠ ಎರಡು ಸಲ ಸಿಗುತ್ತದೆ. ಹೊಸಬ ತಪ್ಪಿದರೂ ಮೂಲ ಪಾಠ ಕೆಡುವುದಿಲ್ಲ. ಹೊಸಬನಿಗೆ ಕಲಿಸುವ ಅಭ್ಯಾಸವಾಗುತ್ತದೆ. 1091ರಿಂದ 1095ರವರೆಗೆ ಬಾಗ್ದಾದಿನ ನಿಜಾಮಿಯಾದಲ್ಲಿ ಪಾಠ ಹೇಳಿದ ಇಮಾಮ್ ಗಝಾಲಿ ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಶಿಕ್ಷಕನ ಕರ್ತವ್ಯಗಳನ್ನು ಪಟ್ಟಿ ಮಾಡಿದ್ದಾರೆ. ಶಿಷ್ಯರನ್ನು ಸ್ವಂತ ಮಕ್ಕಳಂತೆ ಕಾಣಬೇಕು, ಅವರ ಗ್ರಹಣಶಕ್ತಿಯ ಅಳತೆಗೆ ತಕ್ಕಂತೆ ಮಾತಾಡಬೇಕು ಎಂಬುವು ಅದರಲ್ಲಿ ಸೇರಿವೆ. ಕಲಿಸುವುದಕ್ಕೆ ಪ್ರತ್ಯೇಕ ವಿದ್ಯೆಯಿದೆ ಎಂದು ಒಪ್ಪದವರು ಇಂಥ ಪಟ್ಟಿ ಮಾಡುವುದಿಲ್ಲ.

ಈ ವಿದ್ಯೆಯ ಅಗತ್ಯವನ್ನು ಸರ್ಕಾರಗಳು ಗುರುತಿಸಿಲ್ಲವೆಂದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಯು.ಜಿ.ಸಿ. ದೇಶದ ಹಲವೆಡೆ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಆರಂಭಿಸಿತು. ನಮ್ಮಲ್ಲಿ ಮೈಸೂರು, ಧಾರವಾಡಗಳಲ್ಲೂ ಬಂದವು. 2015ರಲ್ಲಿ ಅವುಗಳ ಹೆಸರು ಬದಲಾಯಿತು, 2023ರಲ್ಲಿ ಮಾಳವೀಯರ ಹೆಸರಿನಲ್ಲಿ ಮತ್ತೊಮ್ಮೆ ಬದಲಾಯಿತು. ಆದರೆ ಈ ತರಬೇತಿ ನೌಕರಿ ಸಿಕ್ಕ ಮೇಲಿನದು, ಬಡ್ತಿಗೆ ಗಂಟುಬಿದ್ದದ್ದು. ಮೊದಲ ದಿನ ತರಗತಿಗೆ ಹೊರಟವನಿಗೆ ಅದು ಒದಗುವುದಿಲ್ಲ. 2022ರ ಪಿಎಚ್.ಡಿ. ನಿಯಮಾವಳಿಯಲ್ಲಿ ಯು.ಜಿ.ಸಿ. ಒಂದು ಒಳ್ಳೆಯ ಹೆಜ್ಜೆ ಇಟ್ಟಿತು. ಪ್ರತಿಯೊಬ್ಬ ಸಂಶೋಧನಾ ವಿದ್ಯಾರ್ಥಿಯೂ ತನ್ನ ವಿಷಯದ ಬೋಧನೆ ಮತ್ತು ಬರವಣಿಗೆಯಲ್ಲಿ ತರಬೇತಿ ಪಡೆಯಬೇಕು, ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನದ ಕೆಲಸವನ್ನು ಅವನಿಗೆ ಕೊಡಬಹುದು ಎಂದಿತು. ಇದು ಮುಈದನ ಹುದ್ದೆಯೇ, ಹೆಸರು ಬೇರೆ. ಅಮೆರಿಕಾದ ಮಿಷಿಗನ್ ವಿಶ್ವವಿದ್ಯಾಲಯ 1962ರಲ್ಲೇ ಬೋಧನೆಯನ್ನು ಉತ್ತಮಪಡಿಸಲೆಂದು ಒಂದು ಕೇಂದ್ರ ತೆರೆದಿತ್ತು. ನಮ್ಮ ನಿಯಮ ತಡವಾಗಿಯಾದರೂ ಬಂತಲ್ಲ ಎನ್ನೋಣ. ಆದರೆ ಎಂ.ಎ. ಮುಗಿಸಿ ನೇರವಾಗಿ ತರಗತಿಗೆ ಹೋಗುವವರನ್ನು ಅದು ಮುಟ್ಟುವುದಿಲ್ಲ.

ಇವರು ಸಣ್ಣ ಸಂಖ್ಯೆಯವರಲ್ಲ. ಕರ್ನಾಟಕದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. 2021ರ ಡಿಸೆಂಬರಿನಲ್ಲಿ ಅವರು ತರಗತಿ ಬಹಿಷ್ಕರಿಸಿ ಬೀದಿಗಿಳಿದರು. ಆಗ ಅವರ ಗೌರವಧನ ತಿಂಗಳಿಗೆ 11ರಿಂದ 13 ಸಾವಿರ ರೂಪಾಯಿ. 2022ರ ಜನವರಿಯಲ್ಲಿ ಸರ್ಕಾರ ಅದನ್ನು ಅರ್ಹತೆ ಮತ್ತು ಸೇವಾವಧಿಯ ಮೇಲೆ 26ರಿಂದ 32 ಸಾವಿರಕ್ಕೆ ಏರಿಸಿತು. ಹಣ ಹೆಚ್ಚಾದರೂ ಮುಂದಿನ ವರ್ಷ ಕೆಲಸ ಇರುತ್ತದೆಯೇ ಎಂಬ ಭಯ ಹೋಗಲಿಲ್ಲ. ಈ ಭಯಕ್ಕೂ ಕಲಿಕೆಗೂ ನೇರ ಸಂಬಂಧವಿದೆ. ‘ಈ ಪಾಠ ಹೇಗೆ ಮಾಡಲಿ, ನನಗೆ ತಿಳಿಯುತ್ತಿಲ್ಲ’ ಎಂದು ಹಿರಿಯರ ಬಳಿ ಹೇಳಬೇಕಾದರೆ ಕಾಲ ಕೆಳಗೆ ನೆಲ ಗಟ್ಟಿಯಾಗಿರಬೇಕು. ನೆಲ ಅಲುಗಾಡುವವನು ಎಲ್ಲ ಬಲ್ಲವನಂತೆ ನಟಿಸುತ್ತಾನೆ. ಹೀಗಾಗಿ ಹೊಸ ಅಧ್ಯಾಪಕನನ್ನು ದೂಷಿಸಿ ಪ್ರಯೋಜನವಿಲ್ಲ. ಕತ್ತಿ ಅವನ ಕೈಯಲ್ಲಿದೆ, ನಿಜ. ಆದರೆ ಕತ್ತಿ ಕೊಟ್ಟು ಅನಾಥನನ್ನು ಮುಂದೆ ಕೂರಿಸಿದವರು ಬೇರೆ.

ನಾವೂ ನಮ್ಮ ಕಡೆ ನೋಡಿಕೊಳ್ಳಬೇಕು. ಡಾ. ಮುಮ್ತಾಜ್ ಅಹ್ಮದ್ ಖಾನ್ 1966ರಲ್ಲಿ ಬೆಂಗಳೂರಿನಲ್ಲಿ ಅಲ್ ಅಮೀನ್ ಸಂಸ್ಥೆ ಕಟ್ಟಿದರು. ಆಮೇಲಿನ ದಶಕಗಳಲ್ಲಿ ರಾಜ್ಯದ ಹಲವು ಊರುಗಳಲ್ಲಿ ಮುಸ್ಲಿಮರು ಕಾಲೇಜುಗಳನ್ನು ಕಟ್ಟಿದ್ದಾರೆ. ಇದು ಹೆಮ್ಮೆಯ ವಿಷಯ. ಆದರೆ ವಾರ್ಷಿಕ ಸಭೆಗಳಲ್ಲಿ ಕಟ್ಟಡದ ಮಹಡಿಗಳ ಲೆಕ್ಕ ಬರುತ್ತದೆ, ಕಂಪ್ಯೂಟರುಗಳ ಲೆಕ್ಕ ಬರುತ್ತದೆ. ಈ ವರ್ಷ ಸೇರಿದ ಹೊಸ ಉಪನ್ಯಾಸಕಿಯ ತರಗತಿಯಲ್ಲಿ ಹಿರಿಯರು ಎಷ್ಟು ದಿನ ಕುಳಿತು ಕೇಳಿದರು ಎಂಬ ಲೆಕ್ಕ ಬರುವುದು ಅಪರೂಪ.

ಮಾಡಬೇಕಾದದ್ದು ದುಬಾರಿಯೇನಲ್ಲ. ಸ್ನಾತಕೋತ್ತರ ಕೇಂದ್ರಗಳಲ್ಲಿ ಎರಡನೇ ವರ್ಷದ ವಿದ್ಯಾರ್ಥಿಗಳು ಕೆಲವು ಪಾಠಗಳನ್ನಾದರೂ ಪ್ರಾಧ್ಯಾಪಕರ ಎದುರೇ ಡಿಗ್ರಿ ಮಕ್ಕಳಿಗೆ ಮಾಡಬಹುದು. ತಾವು ಕಲಿಸಿದ್ದರ ಉತ್ತರ ಪತ್ರಿಕೆಗಳನ್ನು ತಾವೇ ಓದಬಹುದು. ಏನು ಹೇಳಿದೆವು ಎಂಬುದಕ್ಕಿಂತ ಏನು ತಲುಪಿತು ಎಂದು ಆಗ ಗೊತ್ತಾಗುತ್ತದೆ. ಹೊಸಬರು ಹಿರಿಯರ ತರಗತಿಯಲ್ಲಿ ಕುಳಿತು ಕೇಳಬಹುದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಲ್ಲಿ ನಿವೃತ್ತ ಅಧ್ಯಾಪಕರಿದ್ದಾರೆ. ಅವರಲ್ಲಿ ಒಬ್ಬರು ವಾರಕ್ಕೊಮ್ಮೆ ಹೊಸ ಉಪನ್ಯಾಸಕನ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು, ಆಮೇಲೆ ಚಹಾ ಕುಡಿಯುತ್ತಾ ನಾಲ್ಕು ಮಾತು ಹೇಳಿದರೆ ಸಾಕು. ಆ ಮಾತು ವರದಿಯಾಗಿ ಮೇಲಿನವರಿಗೆ ಹೋಗಬಾರದು. ಹೋದರೆ ಅದು ತಪಾಸಣೆಯಾಗುತ್ತದೆ, ತಪಾಸಣೆಯ ಎದುರು ಎಲ್ಲರೂ ನಟಿಸುತ್ತಾರೆ. ಪ್ರಮಾಣಪತ್ರ ಕೊಡುವ ತರಬೇತಿಗಳು ನಮ್ಮಲ್ಲಿ ಸಾಕಷ್ಟಿವೆ. ಪಕ್ಕದ ಮಿಷನ್ನಿನ ಉಸ್ತಾದನ ಕೊರತೆಯನ್ನು ಅವು ತುಂಬಲಾರವು.

ಅನಾಥರ ಸೊತ್ತಿನ ವಿಷಯದಲ್ಲಿ ಕುರ್‌ಆನ್ ಪದೇ ಪದೇ ಎಚ್ಚರಿಸುತ್ತದೆ. ಸೊತ್ತು ಎಂದರೆ ನಾವು ಹೊಲ, ಮನೆ, ಒಡವೆ ಎಂದುಕೊಳ್ಳುತ್ತೇವೆ. ಹಳ್ಳಿಯಿಂದ ಬಸ್ಸು ಹತ್ತಿ ಬರುವ ಹುಡುಗಿಗೆ ಅಂಥದ್ದೇನೂ ಇರುವುದಿಲ್ಲ. ಮನೆಯವರನ್ನು ಒಪ್ಪಿಸಿ ಪಡೆದುಕೊಂಡ ಮೂರು ವರ್ಷಗಳೇ ಅವಳ ಸೊತ್ತು. ಅದನ್ನು ಅವಳು ಕಾಲೇಜಿನ ಕೈಯಲ್ಲಿ ಅಮಾನತ್ತಾಗಿ ಇಟ್ಟಿದ್ದಾಳೆ. ಅದರಲ್ಲಿ ಎಷ್ಟು ದಿನಗಳು ಇನ್ನೊಬ್ಬರ ಅಭ್ಯಾಸಕ್ಕೆ ಖರ್ಚಾದವು ಎಂದು ಅವಳು ಎಂದೂ ಲೆಕ್ಕ ಕೇಳುವುದಿಲ್ಲ. ಆದ್ದರಿಂದ ಆ ಲೆಕ್ಕವನ್ನು ನಾವೇ ಇಡಬೇಕು.