ಲಕ್ಕಮ್ಮನ ಅಳತೆ ಮತ್ತು ಡೀಸೆಲ್ ಗಾಡಿ

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದರೆಂದು ಪರಂಪರೆ ಹೇಳುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಅಲ್ಲಿ ಶರಣರು ಸೇರುತ್ತಿದ್ದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ದಿನದ ಅಳತೆ ಮೀರಿದ್ದು ನಮ್ಮದಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ, ನೆಲಕ್ಕೆ ಬಿದ್ದದ್ದು. ಆದರೂ ಅವಳಿಗೆ ಅದು ಸಲ್ಲದು. ಯಾಕೆಂದರೆ ಅವಳು ಕೇಳಿದ್ದು ಇದು ಯಾರದು ಎಂದಲ್ಲ, ಇದು ಎಷ್ಟು ಎಂದು. ಈಗ ಅದೇ ಲಿಂಗಸುಗೂರಿನಲ್ಲಿ, ಮಸ್ಕಿ, ಸಿಂಧನೂರಿನಲ್ಲಿ ಹೊಸ ಎಸ್‌ಯುವಿ ತರಲು ಹೊರಟ ಮನೆಗಳಲ್ಲಿ ಪೆಟ್ರೋಲೋ ಡೀಸೆಲೋ ಎಂಬ ಚರ್ಚೆ ನಡೆಯುತ್ತದೆ. ಮೈಲೇಜು, ಪಿಕಪ್ಪು, ಮರುಮಾರಾಟದ ಬೆಲೆ ಇವೇ ಅದರ ಮಾತು. ಗಾಡಿ ಬಂದ ಮೇಲೆ ಪೂಜೆಗೆ ದೇವರ ಮುಂದೆ ನಿಲ್ಲಿಸುತ್ತೇವೆ, ಗಾಲಿಯಡಿ ನಿಂಬೆಹಣ್ಣು ಇಡುತ್ತೇವೆ. ಆದರೆ ಕೊಳ್ಳುವ ತೀರ್ಮಾನದೊಳಗೆ ಧರ್ಮಕ್ಕೆ ಜಾಗ ಉಂಟೆಂದು ಅನಿಸುವುದಿಲ್ಲ. ಇದೆ ಎಂಬುದು ನನ್ನ ವಾದ. ಪ್ರಶ್ನೆ ಲಕ್ಕಮ್ಮನದೇ.

ಡೀಸೆಲ್ಲನ್ನು ಪಾಪದ ಎಣ್ಣೆ ಎಂದು ಬೈಯುವುದು ಈ ನೆಲದಲ್ಲಿ ಸುಳ್ಳಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ಊರಾಯಿತು. ಗದ್ದೆ ಹದ ಮಾಡುವ ಟ್ರ್ಯಾಕ್ಟರ್, ಕೊಯ್ಯುವ ಯಂತ್ರ, ಮಿಲ್ಲಿಗೆ ಚೀಲ ಹೊರುವ ಲಾರಿ ಎಲ್ಲವೂ ಡೀಸೆಲ್ಲಿನಲ್ಲೇ ಓಡುತ್ತವೆ. ಕಾರಣವೂ ಎಂಜಿನ್ನಿನೊಳಗೇ ಇದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿ ಎಣ್ಣೆಯನ್ನು ಹೊತ್ತಿಸುತ್ತದೆ. ಡೀಸೆಲ್ಲಿನಲ್ಲಿ ಗಾಳಿಯನ್ನು ಬಿಗಿಯಾಗಿ ಅದುಮಿ, ಆ ಕಾವಿಗೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡುತ್ತಾರೆ. ಅದಕ್ಕೇ ಅದು ಕಡಿಮೆ ಎಣ್ಣೆಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ, ನಿಧಾನ ವೇಗದಲ್ಲೂ ಭಾರ ಎಳೆಯುತ್ತದೆ. ಹೊರೆ ಇದ್ದಲ್ಲಿ ಡೀಸೆಲ್ ಕಾಯಕದ ಎಣ್ಣೆ. ಐದು ಜನ ಕೂತು ಮದುವೆಗೆ, ಆಸ್ಪತ್ರೆಗೆ, ಜಾತ್ರೆಗೆ ಹೋಗುವ ಮನೆಯ ಗಾಡಿಯಲ್ಲಿ ಆ ಹೊರೆ ಯಾವುದು?

ಲೆಕ್ಕವನ್ನೇ ಮೊದಲು ಮಾಡೋಣ, ಯಾಕೆಂದರೆ ಡೀಸೆಲ್ ಪರ ಮಾತಾಡುವವರು ಶುರು ಮಾಡುವುದು ಅಲ್ಲಿಂದಲೇ. ಒಂದೇ ಗಾಡಿಯ ಎರಡು ಮಾದರಿಗಳ ನಡುವೆ ಒಂದೂವರೆ ಲಕ್ಷ ರೂಪಾಯಿ ವ್ಯತ್ಯಾಸ ಇದೆ ಎಂದು ಹಿಡಿಯಿರಿ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಗಾಡಿ ಲೀಟರಿಗೆ 14 ಕಿ.ಮೀ. ಓಡುತ್ತದೆ, ಡೀಸೆಲ್ 91 ರೂಪಾಯಿ, 18 ಕಿ.ಮೀ. ಎನ್ನಿ. ಕಿಲೋಮೀಟರಿಗೆ ಉಳಿಯುವುದು ಹೆಚ್ಚುಕಡಿಮೆ 2 ರೂಪಾಯಿ 30 ಪೈಸೆ. ಒಂದೂವರೆ ಲಕ್ಷ ಹಿಂದಿರುಗಬೇಕಾದರೆ 65 ಸಾವಿರ ಕಿ.ಮೀ. ಓಡಬೇಕು. ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಐವತ್ತು ಚಿಲ್ಲರೆ ಕಿ.ಮೀ. ದಾರಿ, ಘಾಟಿ ಇಲ್ಲ, ತಿರುವು ಕಡಿಮೆ. ವಾರಕ್ಕೆರಡು ಸಲ ಹೋಗಿಬಂದರೂ ವರ್ಷಕ್ಕೆ ಹನ್ನೊಂದು ಸಾವಿರ ಕಿ.ಮೀ. ದಾಟುವುದಿಲ್ಲ. ಅಂದರೆ ಆರು ವರ್ಷ ಅಸಲು ತೀರಿಸುವುದಕ್ಕೇ ಹೋಯಿತು. ದಿನವೂ ನೂರು ಕಿ.ಮೀ. ಓಡಿಸುವ ಬೀಜ-ಗೊಬ್ಬರದ ವ್ಯಾಪಾರಿಗೆ ಎರಡು ವರ್ಷದೊಳಗೇ ಹಣ ತಿರುಗುತ್ತದೆ. ಅವನ ಮಾತು ಬೇರೆ, ಅವನಿಗೆ ಡೀಸೆಲ್ ಸಲ್ಲುತ್ತದೆ. ಮಿಕ್ಕವರು ಮುಂದೆಂದೋ ಓಡಿಸಬಹುದಾದ ಓಡಾಟಕ್ಕೆ ಇವತ್ತೇ ಹಣ ಕಟ್ಟುತ್ತಿದ್ದಾರೆ. ಇರಲಿ, ಬೇಕಾಗಬಹುದು ಎಂಬ ಈ ಮಾತನ್ನೇ ಮಾರಯ್ಯನೂ ಆ ದಿನ ಅಂದುಕೊಂಡಿರಬೇಕು.

ಇಷ್ಟೇ ಆಗಿದ್ದರೆ ಇದು ಜಾಣತನದ ಪ್ರಶ್ನೆ, ಧರ್ಮದ್ದಲ್ಲ ಎನ್ನಬಹುದಿತ್ತು. ಆದರೆ ಹೆಚ್ಚಿಗೆ ತಂದದ್ದರ ಬೆಲೆಯನ್ನು ತಂದವನೊಬ್ಬನೇ ತೆರುವುದಿಲ್ಲ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತವಾಗಿ ವರ್ಗೀಕರಿಸಿತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ನಿಯಮದಿಂದ ಹೊಸ ಗಾಡಿಗಳ ಹೊಗೆ ಬಹಳ ತಗ್ಗಿದೆ, ಇದನ್ನು ಒಪ್ಪಬೇಕು. ಆದರೆ ಆ ತಗ್ಗುವಿಕೆ ನಿಂತಿರುವುದು ಸೈಲೆನ್ಸರಿನ ದಾರಿಯಲ್ಲಿ ಕೂರಿಸಿದ ಮಸಿ ಹಿಡಿಯುವ ಫಿಲ್ಟರಿನ ಮೇಲೆ. ಅದರಲ್ಲಿ ಕೂಡಿಕೊಂಡ ಮಸಿ ಸುಟ್ಟು ಖಾಲಿಯಾಗಬೇಕಾದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ಶಾಲೆಗೆ ಎರಡು ಕಿ.ಮೀ., ಸಂತೆಗೆ ಒಂದು ಕಿ.ಮೀ. ಹೋಗಿ ಎಂಜಿನ್ ಆರಿಸುವ ಮನೆಯ ಗಾಡಿಯಲ್ಲಿ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡದ್ದನ್ನು ಕಿತ್ತೆಸೆಯುವ ಯೋಚನೆ ಬಂದರೆ ಆ ಹೊಗೆ ಸೀದಾ ಬೀದಿಗೆ, ಅಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಕಾಯಿಪಲ್ಲೆಯವಳ ಎದೆಗೆ. ಶರಣರು ದಾಸೋಹ ಎಂದದ್ದು ದುಡಿದದ್ದನ್ನು ಹಂಚುವುದಕ್ಕೆ. ಇಲ್ಲಿ ಉಳಿತಾಯ ಮನೆಗೆ ಬರುತ್ತದೆ, ಮಸಿಯನ್ನು ಮಾತ್ರ ಊರಿಗೆ ಹಂಚುತ್ತೇವೆ.

ಹಳೆಯದೊಂದು ಸಾಲವೂ ಇದೆ. 2014ರ ಅಕ್ಟೋಬರ್‌ವರೆಗೆ ಡೀಸೆಲ್ ಬೆಲೆ ಸರ್ಕಾರದ ಹಿಡಿತದಲ್ಲಿತ್ತು. ಪೆಟ್ರೋಲಿನ ಹಿಡಿತವನ್ನು 2010ರಲ್ಲೇ ಬಿಟ್ಟಿದ್ದರು. ಡೀಸೆಲ್ಲಿನ ರಿಯಾಯಿತಿ ಕೊಟ್ಟದ್ದು ರೈತನ, ಬಸ್ಸಿನ, ಲಾರಿಯ ಹೆಸರಿನಲ್ಲಿ. ಅದೇ ಪಂಪಿನಿಂದ ದೊಡ್ಡ ಕಾರುಗಳೂ ತುಂಬಿಸಿಕೊಂಡವು. ಡೀಸೆಲ್ ಎಂದರೆ ಅಗ್ಗ, ಜಾಣರ ಆಯ್ಕೆ ಎಂಬ ನಂಬಿಕೆ ಬಲವಾಗಿ ಬೇರೂರಿದ್ದು ಆಗಲೇ. ರಿಯಾಯಿತಿ ಹೋಗಿದೆ, ನಂಬಿಕೆ ಉಳಿದಿದೆ.

ಇನ್ನು ಆಕ್ಷೇಪಗಳು. ಮೊದಲನೆಯದು ಗಟ್ಟಿಯಾದದ್ದು: ಭೂಮಿ ಕಾಯಿಸುವ ಇಂಗಾಲದ ಡೈಆಕ್ಸೈಡ್ ಡೀಸೆಲ್ ಗಾಡಿಯಿಂದ ಕಡಿಮೆ ಬರುತ್ತದಲ್ಲ? ಹೌದು. ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ., ಡೀಸೆಲ್ 2.7 ಕೆ.ಜಿ.; ಮೇಲಿನ ಮೈಲೇಜಿನ ಪ್ರಕಾರ ಡೀಸೆಲ್ ಗಾಡಿ ಕಿಲೋಮೀಟರಿಗೆ 15 ಗ್ರಾಂನಷ್ಟು ಕಡಿಮೆ ಬಿಡುತ್ತದೆ, ಹತ್ತು ಸಾವಿರ ಕಿ.ಮೀ.ಗೆ 150 ಕೆ.ಜಿ. ಇದು ನಿಜವಾದ ಪುಣ್ಯವೇ. ಆದರೆ ಅಷ್ಟನ್ನೇ ಪೆಟ್ರೋಲ್ ಗಾಡಿಯವನು ವರ್ಷದ ಓಡಾಟದಲ್ಲಿ ಒಂದು ಸಾವಿರ ಕಿ.ಮೀ. ತಗ್ಗಿಸಿ ಗಳಿಸಬಲ್ಲ. ಬೀದಿಯಲ್ಲಿ ಕೂತವಳಿಗೆ ಉಸಿರು ತಗ್ಗಿಸುವ ಆಯ್ಕೆ ಇಲ್ಲ. ಎರಡನೆಯದು ಎಲ್ಲರ ಬಾಯಲ್ಲೂ ಬರುವುದು: ಇಷ್ಟು ಟ್ರ್ಯಾಕ್ಟರು, ಲಾರಿ ಹೊಗೆ ಉಗುಳುವಾಗ, ಭತ್ತದ ಹುಲ್ಲಿಗೆ ಬೆಂಕಿ ಇಡುವಾಗ, ನನ್ನದೊಂದು ಗಾಡಿಯಿಂದ ಏನಾದೀತು? ಇದಕ್ಕೆ ಉತ್ತರ ಎಡದಂಡೆ ಕಾಲುವೆಯೇ ಕೊಡುತ್ತದೆ. ಮೇಲ್ಭಾಗದ ಒಬ್ಬೊಬ್ಬನ ತೂಬಿನಿಂದಲೂ ಅಳತೆ ಮೀರಿ ಹೋಗುವ ನೀರು ಎಷ್ಟು ಮಹಾ? ಆದರೂ ಕೆಳಭಾಗದ ರೈತ ಮತ್ತೆ ಮತ್ತೆ ನೀರಿಗಾಗಿ ರಸ್ತೆಗೆ ಇಳಿಯುತ್ತಾನೆ. ಅವನ ಮುಂದೆ ನಿಂತು ನನ್ನದು ಒಂದೇ ತೂಬು ಎಂದು ಹೇಳುವ ಧೈರ್ಯ ಯಾರಿಗಿದೆ? ಮಸ್ಕಿಯ ಬಂಡೆಯ ಮೇಲೆ, 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಗುರುತಿಸಿದ ಆ ಶಾಸನದಲ್ಲಿ, ಅಶೋಕ ತನ್ನ ಹೆಸರನ್ನೇ ಬರೆಸಿ ಹೇಳಿಸಿದ ಮಾತಿನ ತಿರುಳೂ ಇದೇ: ಧರ್ಮದ ಗುರಿ ದೊಡ್ಡವರಿಗಷ್ಟೇ ದಕ್ಕುವುದಲ್ಲ, ತೊಡಗಿದರೆ ಚಿಕ್ಕವರೂ ಮುಟ್ಟಬಲ್ಲರು. ಚಿಕ್ಕವನ ಪ್ರಯತ್ನ ಲೆಕ್ಕಕ್ಕೆ ಬರುತ್ತದೆ ಎಂದಾದರೆ ಅವನ ಅತಿಯೂ ಲೆಕ್ಕಕ್ಕೆ ಬರಲೇಬೇಕು.

ಹಾಗೆಂದು ಪೆಟ್ರೋಲಿಗೆ ವಿಭೂತಿ ಹಚ್ಚುವುದು ಬೇಡ. ಈಗ ಪಂಪಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಮೈಲೇಜು ಅದರಿಂದ ತುಸು ಇಳಿಯುತ್ತದೆ. ಆ ಎಥೆನಾಲ್ ಬರುವುದು ಕಬ್ಬಿನಿಂದ, ಮೆಕ್ಕೆಜೋಳದಿಂದ, ಆಹಾರ ನಿಗಮದ ಗೋದಾಮಿನ ಅಕ್ಕಿಯಿಂದ ಕೂಡ. 2023ರಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಸಿಗದೆ ರಾಜ್ಯ ಸರ್ಕಾರ ತಲೆಗೆ ಐದು ಕೆ.ಜಿ.ಯ ಬದಲು 170 ರೂಪಾಯಿ ಕೊಟ್ಟದ್ದು ನೆನಪಿದ್ದವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ಉಣ್ಣಿಸಿದವರ ನಾಡಿನಲ್ಲಿ ಅಕ್ಕಿಯನ್ನು ಎಂಜಿನ್ನಿಗೆ ಉಣ್ಣಿಸುತ್ತಿದ್ದೇವೆ. ಹಾಗಾಗಿ ಪೆಟ್ರೋಲ್ ಆರಿಸಿಕೊಂಡವನು ಗೆದ್ದೆ ಎಂದು ಬೀಗುವಂತಿಲ್ಲ. ಅವನದು ಕಡಿಮೆ ತಪ್ಪು, ಅಷ್ಟೇ. ಲಕ್ಕಮ್ಮ ಎದುರಿಗಿದ್ದರೆ ಎಂಜಿನ್ನಿನ ಮಾತಿಗೇ ಬರುತ್ತಿರಲಿಲ್ಲ, ಇಷ್ಟು ದೊಡ್ಡ ಗಾಡಿ ಯಾಕೆ ಎಂದು ಕೇಳುತ್ತಿದ್ದಳು. ಅಜ್ಜ-ಅಜ್ಜಿ, ಮಕ್ಕಳು, ಊರ ಕಡೆಯ ಕೆಟ್ಟ ರಸ್ತೆ ಎಂಬ ಉತ್ತರ ಕೆಲವು ಮನೆಗಳಲ್ಲಿ ನಿಜ. ಉಳಿದ ಮನೆಗಳಲ್ಲಿ ಅದು ಪಕ್ಕದ ಮನೆಯ ಗಾಡಿ ನೋಡಿ ಹುಟ್ಟಿದ ಉತ್ತರ.

ಶೋರೂಮಿಗೆ ಕಾಲಿಡುವ ಮುಂಚೆ ಮನೆಯಲ್ಲಿ ಈಗಿರುವ ಗಾಡಿಯ ಮೀಟರ್ ಓದಿಕೊಳ್ಳಿ. ಓಡಿದ ಕಿಲೋಮೀಟರನ್ನು ವರ್ಷಗಳಿಂದ ಭಾಗಿಸಿ. ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಬಂದರೆ ಡೀಸೆಲ್ಲಿನ ಕಾಗದವನ್ನು ಮಾರಾಟದ ಹುಡುಗನ ಕೈಗೇ ಹಿಂದಿರುಗಿಸಿ.