ಭಂಡಾರಿಯ ಕೀಲಿಕೈ

ತಂದೆಯು ಲಿಂಗೈಕ್ಯನಾದ ಮನೆಯಲ್ಲಿ ಸಮಾಧಿಯ ಮೇಲಿನ ಹೂವು ಬಾಡುವ ಮೊದಲೇ ಉಯಿಲಿನ ಕಲಹವು ಏಳುವುದುಂಟು. ಉಯಿಲಿನ ನಿರ್ವಾಹಕನಾಗಿ ನೇಮಿತನಾದ ಅಣ್ಣನು ಕೀಲಿಕೈಯನ್ನು ಬಿಡನು, ತಂಗಿಯು ಲೆಕ್ಕ ಕೇಳಿದರೆ "ನನ್ನಲ್ಲಿ ನಂಬಿಕೆಯಿಲ್ಲವೆ?" ಎಂದು ಮುನಿಯುವನು.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರದ ಹೊನ್ನು ಜಂಗಮರ ಪಾಲಾಯಿತೆಂಬ ದೂರು ಬಂದಾಗ ಅವರು ಅದನ್ನು ಎಣಿಸಿ ತೋರಿಸಿದರೆಂದು ಪುರಾಣವು ಹೇಳುತ್ತದೆ. ಲೆಕ್ಕ ಒಪ್ಪಿಸುವುದು ಅವರಿಗೇ ಅಪಮಾನವಾಗದಿರಲು, ನಮಗೇಕೆ ಆಗಬೇಕು?

ದೇಶದ ಕಾನೂನೂ ಇದನ್ನೇ ವಿಧಿಸಿದೆ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ, ಪ್ರೊಬೇಟ್ ಪಡೆದ ನಿರ್ವಾಹಕನು ಸಾಮಾನ್ಯವಾಗಿ 6 ತಿಂಗಳೊಳಗೆ ಆಸ್ತಿ-ಸಾಲಗಳ ಪಟ್ಟಿಯನ್ನೂ, 1 ವರ್ಷದೊಳಗೆ ಲೆಕ್ಕವನ್ನೂ ನ್ಯಾಯಾಲಯಕ್ಕೆ ಒಪ್ಪಿಸತಕ್ಕದ್ದು. ಆಸ್ತಿಯು ಅವನ ವಶದಲ್ಲಿರುವುದು ನಿರ್ವಾಹಕನೆಂಬ ಕಾರಣದಿಂದ ಮಾತ್ರ. ಹಾಗೆಂದು ಪಾಲು ಪಡೆಯುವವರೂ ಆತುರಪಡಲಾಗದು: ಸಾಲ ತೀರಿದ ಮೇಲಷ್ಟೇ ಪಾಲು; ಉಯಿಲು ಬರೆದವನು ತೀರಿಕೊಂಡು 1 ವರ್ಷ ಕಳೆಯುವವರೆಗೆ ಪಾಲು ಕೊಡಲೇಬೇಕೆಂಬ ನಿರ್ಬಂಧವೂ ಇಲ್ಲ. ಈ ಮಾತು ತಿಳಿಯದೆಯೇ ಅರ್ಧ ಜಗಳಗಳು ಹುಟ್ಟುತ್ತವೆ.

ಆದುದರಿಂದ ಮೊದಲು ಪಡಸಾಲೆಯಲ್ಲಿ ಎಲ್ಲರೆದುರು ಲೆಕ್ಕದ ಪುಸ್ತಕವನ್ನು ತೆರೆಯಿರಿ. ಬಗೆಹರಿಯದಿದ್ದರೆ ಉಭಯರೂ ಒಪ್ಪುವ ಹಿರಿಯರೊಬ್ಬರನ್ನು ಕೂರಿಸಿ, ಆದ ಒಪ್ಪಂದವನ್ನು ಬರೆದಿಟ್ಟುಕೊಳ್ಳಿರಿ. ನ್ಯಾಯಾಲಯದ ಮೆಟ್ಟಿಲು ಅನಂತರದ್ದು. ಆ ದಿನ ತಂಗಿಯನ್ನು ತಪ್ಪದೆ ಕರೆಯಿರಿ. ಅವಳಿಲ್ಲದಾಗ ಓದಿದ ಲೆಕ್ಕವನ್ನು ಮತ್ತೊಮ್ಮೆ ಓದಬೇಕಾದೀತು.