ಪಾವಟಿಗೆ ಕಲಿಸುವ ಪಾಠ



ತಂಗಡಗಿಯಲ್ಲಿ ಕೃಷ್ಣೆಯ ದಂಡೆಗೆ ನಿಂತವರಿಗೆ ನೀರಿನ ಏರಿಳಿತವು ಕಣ್ಣೆದುರಿಗೇ ಕಾಣುತ್ತದೆ. ನದಿಯಿಲ್ಲದ ವಿಜಯಪುರ ನಗರಕ್ಕೆ ಆ ದರ್ಶನವನ್ನು ಒದಗಿಸಿದವು ಅಲ್ಲಿನ ಬಾವಡಿಗಳು. ಎರಡನೆಯ ಇಬ್ರಾಹಿಂ ಆದಿಲಶಾಹನ ಪತ್ನಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಮಲಿಕ್ ಸಂದಲನು 1620ರಲ್ಲಿ ಕಟ್ಟಿಸಿದ ತಾಜ್ ಬಾವಡಿಯನ್ನು ನೋಡಿರಿ. ಎರಡು ಅಷ್ಟಕೋನ ಗೋಪುರಗಳ ನಡುವೆ ಹಿರಿದಾದ ಕಮಾನು. ಅಲ್ಲಿಂದ ನೀರಿಗಿಳಿಯುವ ಪಾವಟಿಗೆಗಳು. ಪೂರ್ವ ಪಶ್ಚಿಮಗಳಲ್ಲಿ ದಾರಿಹೋಕರಿಗೆ ತಂಗುದಾಣ.

ಹಗ್ಗದಿಂದ ಸೇದುವ ಬಾವಿಗೂ ಇದಕ್ಕೂ ಭೇದವೇನು? ಇಲ್ಲಿ ನೀರು ಬೇಕಾದವನು ತಾನೇ ನೀರಿನ ಬಳಿಗೆ ಇಳಿಯಬೇಕು. ಬೇಸಗೆ ಬಲಿತಂತೆ ಒಂದೊಂದೇ ಪಾವಟಿಗೆ ಬಯಲಾಗುತ್ತದೆ. ಉಳಿದುದೆಷ್ಟೆಂಬುದು ಕೊಡ ತುಂಬುವವನಿಗೆ ಯಾರೂ ಹೇಳದೆಯೇ ತಿಳಿಯುತ್ತದೆ. ತಿಳಿದ ಮೇಲೂ ಮಿತಿಮೀರಿ ತುಂಬಿಕೊಂಡರೆ ಅದನ್ನು ಅಜ್ಞಾನವೆನ್ನಲಾಗದು, ಅಪರಾಧವೆನ್ನಬೇಕು.

ಇಂದು ಅದೇ ಕೃಷ್ಣೆಯ ನೀರು ವಿಜಯಪುರದ ನಳಗಳಿಗೆ ಬರುತ್ತದೆ. ಇದು ಮಹದುಪಕಾರವೇ ಸರಿ. ಕೊಡ ಹೊತ್ತ ತಾಯಂದಿರು ಅದನ್ನು ಬಲ್ಲರು. ಆದರೆ ನಳವು ನೀರನ್ನು ಕೊಡುತ್ತದೆ, ನೀರಿನ ಮಟ್ಟವನ್ನು ತೋರಿಸುವುದಿಲ್ಲ. ಕಾಣದುದಕ್ಕೆ ತಾವು ಹೊಣೆಯಲ್ಲವೆಂದು ಜನರು ಬಗೆದುದರಿಂದಲೇ ಅಲ್ಲವೇ, ಎಷ್ಟೋ ಊರುಗಳ ಬಾವಿಗಳು ಹೂಳು ಕಸಗಳಿಂದ ತುಂಬಿದುದು? ತಾಜ್ ಬಾವಡಿಯೂ ಅದಕ್ಕೆ ಹೊರತಾಗಲಿಲ್ಲ. ಈಚಿನ ವರ್ಷಗಳಲ್ಲಿ ಅದರ ಹೂಳನ್ನು ತೆಗೆಸಬೇಕಾಯಿತು.

ಹೂಳನ್ನು ಆಳುಗಳಿಂದ ತೆಗೆಸಬಹುದು. ಉಳಿದುದನ್ನು ನೋಡಿ ತೆಗೆದುಕೊಳ್ಳುವ ಎಚ್ಚರವನ್ನು ಮಾತ್ರ ನಾವೇ ಗಳಿಸಬೇಕು. ನಳ ತಿರುಗಿಸುವ ಮುನ್ನ ಮನಸ್ಸಿನಲ್ಲಿ ಒಮ್ಮೆ ಆ ಪಾವಟಿಗೆಗಳನ್ನು ಇಳಿಯೋಣ.